ಮೂವತ್ತೆರಡನೆಯ ಅಧ್ಯಾಯದ ದನಿ

ಅವನು ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದಾಗ ಅವಳು ಸಾಯುತ್ತಿದ್ದಳು.

ಎಂಬತ್ತು ದಾಟಿದ ಅಜ್ಜಿಯ ಕೊನೆಯುಸಿರು... ಎಳೆದೆಳೆದು ಬಿಡುವ, ನಡುವೆ ಯಾರದೋ ಹೆಸರಿಗಾಗಿ ತಡಕಾಡುವ ಉಸಿರು. ಇನ್ನೇನು ಅದು ನಿಲ್ಲಬೇಕು, ಅಷ್ಟರಲ್ಲಿ ನೀರಿನ ಬಾಟಲಿ ಹಿಡಿದ ಉದ್ದನೆಯ ಯುವಕನೊಬ್ಬ ಎದುರಿಗೆ ನಿಂತಿದ್ದ. ಅವನ ಮುಖ ಸುಣ್ಣದಂತಾಗಿತ್ತು.

ಅವಳು ಮೈಕಿನಿಂದ ತಲೆ ಎತ್ತಿದಳು.

"ಅಜ್ಜಿ ಎಲ್ಲಿ?" ಅಂದ ಅವನು, ಇಷ್ಟಗಲದ ಕೋಣೆಯ ಮೂಲೆಮೂಲೆ ನೋಡುತ್ತ.

"ಏಳನೇ ಅಧ್ಯಾಯದಲ್ಲಿ," ಅಂದಳು ಅವಳು, ಈಗ ತನ್ನ ಸ್ವಂತ ದನಿಯಲ್ಲಿ. "ಬೆಳಿಗ್ಗೆಯಿಂದ ಸಾಯೋಕೆ ಒದ್ದಾಡ್ತಿದ್ದಾರೆ, ಪಾಪ. ನೀವು ಬಂದು ಬದುಕಿಸಿಬಿಟ್ರಿ."

ಅವನ ಕಿವಿಗಳು ಕೆಂಪಾದವು. ಕೈಯಲ್ಲಿದ್ದ ನೀರನ್ನು ಏನು ಮಾಡುವುದೆಂದು ತೋಚದೆ ತಾನೇ ಗಟಗಟ ಕುಡಿದ. ಅವಳಿಗೆ ನಗು ತಡೆಯಲಾಗಲಿಲ್ಲ.

ಅದು ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ದನಿಯಾಗಿಸುವ ಗ್ರಂಥಾಲಯ. ಅವಳು ಅಲ್ಲಿಯ ಓದುಗಾರ್ತಿ. ಮುದುಕಿ, ಮಗು, ಜಗಳಗಂಟ ಮಾವ, ಹಡಗಿನ ಕಪ್ತಾನ... ಪುಟದೊಳಕ್ಕೆ ಯಾರೇ ಬರಲಿ, ಅವರವರ ಗಂಟಲಲ್ಲೇ ಮಾತಾಡಿಸುತ್ತಿದ್ದಳು. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಗಿಳಿ. ಅವನು ಅಂದೇ ಕೆಲಸಕ್ಕೆ ಸೇರಿದ ಕಂಪ್ಯೂಟರ್ ಉಸ್ತುವಾರಿ. ಅವಳ ಡಿಸ್ಕ್ ಆಗಾಗ ಪರದೆಯಿಂದ ಕಾಣೆಯಾಗುತ್ತದೆ ಎಂಬ ದೂರಿನ ಚೀಟಿ ಹಿಡಿದು ಬಂದಿದ್ದ.

ಮೇಜಿನ ಕೆಳಗೆ ತೂರಿಕೊಂಡವನು ಕೇಳಿದ ಮೊದಲ ಪ್ರಶ್ನೆ, "ಮೌಂಟ್ ಆಗಿದೆಯಾ?"

ಅದನ್ನೇ ಅವನು ಎಲ್ಲರನ್ನೂ ಕೇಳುತ್ತಿದ್ದ. ವಾರ ಕಳೆಯುವುದರೊಳಗೆ ಅವನಿಗೆ ಮೌಂಟಪ್ಪ ಎಂಬ ಬಿರುದು ಬಂತು. ದಯಪಾಲಿಸಿದವಳು ಗಿಳಿಯೇ.

ಆದರೆ ಅದರ ಅರ್ಥವನ್ನು ಅವನು ಅವಳಿಗೆ ಎಷ್ಟು ಚೆನ್ನಾಗಿ ಹೇಳಿದ್ದ. ಈ ಲಿನಕ್ಸ್ ಯಂತ್ರಕ್ಕೆ ಹೊರಗಿನ ಡಿಸ್ಕನ್ನು ವೈರಿನಿಂದ ಸಿಕ್ಕಿಸಿದರಷ್ಟೇ ಸಾಲದಂತೆ. ಅದು ಅತಿಥಿ ಬಾಗಿಲಿಗೆ ಬಂದು ನಿಂತ ಹಾಗೆ. ಒಳಗೊಂದು ಖಾಲಿ ಫೋಲ್ಡರನ್ನು ಕುರ್ಚಿಯಂತೆ ಇಟ್ಟು, ಅತಿಥಿಯನ್ನು ಕರೆದು ಅದರ ಮೇಲೆ ಕೂರಿಸಬೇಕು. ಆ ಕೂರಿಸುವುದೇ ಮೌಂಟ್. ಅವಳ ಯಂತ್ರದಲ್ಲಿ 'ಓದು' ಎಂಬ ಹೆಸರಿನ ಕುರ್ಚಿ ಇಟ್ಟುಕೊಟ್ಟ. ಬೆಳಿಗ್ಗೆ ಡಿಸ್ಕ್ ಸಿಕ್ಕಿಸಿದರೆ ಅದು ತಾನೇ ಬಂದು ಅಲ್ಲಿ ಕೂರುತ್ತದೆ. ಅವಳು ಓದಿದ್ದೆಲ್ಲ ಅದರ ಮಡಿಲಿಗೆ ಬೀಳುತ್ತದೆ.

ಅಂದಿನಿಂದ ಡಿಸ್ಕಿಗೆ ಒಂದು ತೊಂದರೆಯೂ ಆಗಲಿಲ್ಲ.

ತೊಂದರೆಯಾದದ್ದು ಅವಳಿಗೆ. ಡಿಸ್ಕ್ ಸರಿಯಾಗಿದ್ದರೆ ಅವನು ಬರುವುದು ಹೇಗೆ?

ಹಾಗಾಗಿ ವಾರಕ್ಕೊಂದು ಚೀಟಿ ಬರೆಯುತ್ತಿದ್ದಳು. 'ಡಿಸ್ಕ್ ಯಾಕೋ ಮಂಕಾಗಿದೆ.' 'ಡಿಸ್ಕ್ ನಿನ್ನೆ ಕೆಮ್ಮಿತು.' ಅವನು ಗಂಭೀರವಾಗಿ ಬಂದು, ಗಂಭೀರವಾಗಿ ಮೇಜಿನಡಿ ತೂರಿ, ಏನೂ ಇಲ್ಲವೆಂದು ಗಂಭೀರವಾಗಿ ಬರೆದುಕೊಟ್ಟು ಹೋಗುತ್ತಿದ್ದ. ಮಾತಾಡುವಾಗ ಕೊನೆಯ ಪದಕ್ಕೆ ಮುಂಚೆ ಒಂದು ಕ್ಷಣ ನಿಲ್ಲುವ ಅಭ್ಯಾಸ ಅವನಿಗೆ... ಇದನ್ನು ಹೇಳಲೋ ಬೇಡವೋ ಎಂದು ಆ ಪದವನ್ನೇ ಕೇಳುವಂತೆ.

ಆ ಕೋಣೆಯ ಗೋಡೆಗೆಲ್ಲ ದಪ್ಪ ಉಣ್ಣೆಯ ಹೊದಿಕೆ. ಅಲ್ಲಿ ಆಡಿದ ಮಾತಿಗೆ ಪ್ರತಿಧ್ವನಿ ಇರಲಿಲ್ಲ, ಹುಟ್ಟಿದಲ್ಲೇ ಕರಗುತ್ತಿತ್ತು. ಆದರೂ ಅವನು ಎದ್ದು ಹೋದ ಎಷ್ಟೋ ಹೊತ್ತಿನವರೆಗೆ ಆ ನಿಲುಗಡೆಗಳು ಮಂಜಿನ ಹಾಗೆ ಅಲ್ಲೇ ತೇಲುತ್ತಿದ್ದವು. ಅವಳು ಪುಸ್ತಕ ತೆರೆದು, ಪುಟ ತಿರುವದೆ, ಆ ಮಂಜಿನೊಳಗೆ ಸುಮ್ಮನೆ ಕೂತಿರುತ್ತಿದ್ದಳು.

ಮೂವತ್ತೊಂದನೆಯ ಅಧ್ಯಾಯ ಮುಗಿದ ದಿನ ಅವಳ ದನಿ ಒಡೆಯಿತು.

ವೈದ್ಯರು ಇಣುಕಿ ನೋಡಿ, ಧ್ವನಿತಂತುವಿನ ಮೇಲೊಂದು ಗಂಟಿದೆ, ತೆಗೆಯಬೇಕು ಎಂದರು. ಆಮೇಲೆ ಮೂರು ವಾರ ಪಿಸುಮಾತೂ ಕೂಡದು. ಬರುವ ದನಿ ಮೊದಲಿನದೇ ಆಗಿರುತ್ತದೆಯೇ ಎಂದು ಕೇಳಿದ್ದಕ್ಕೆ ವೈದ್ಯರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. ಖಚಿತ ಹೇಳಲಾಗದು ಎಂದರು.

ಕಾದಂಬರಿಯಲ್ಲಿ ಇನ್ನೂ ಹನ್ನೊಂದು ಅಧ್ಯಾಯ ಬಾಕಿ. ಕೈಯಲ್ಲಿ ಹದಿನಾಲ್ಕು ದಿನ.

ಅವಳಿಗೆ ಬೇಕಾದದ್ದು ಅದೊಂದೇ. ಕಣ್ಣಿಲ್ಲದೆಯೂ ಬೆರಳಲ್ಲೇ ಗಡಿಯಾರ ರಿಪೇರಿ ಮಾಡುವ ತಾತನೊಬ್ಬರು ಗ್ರಂಥಾಲಯಕ್ಕೆ ಪ್ರತಿ ಸೋಮವಾರ ಫೋನ್ ಮಾಡಿ, ಮೊದಲ ಪುಟದಿಂದ ಬರುತ್ತಾನೆ ಬರುತ್ತಾನೆ ಎಂದು ಕಾದಂಬರಿ ಹೇಳುತ್ತಿರುವ ಆ ಕಡಲತೀರದ ದೀಪಸ್ತಂಭದವನು ಬಂದನೇ ಎಂದು ವಿಚಾರಿಸುತ್ತಿದ್ದರು. ಅವರಂಥ ಇನ್ನೂರು ಜನರ ಕಿವಿಯಲ್ಲಿ ಆ ಕಥೆ ಅವಳ ದನಿಯಲ್ಲಿ ಶುರುವಾಗಿದೆ. ಅದೇ ದನಿಯಲ್ಲಿ ಮುಗಿಯಬೇಕು. ಆಮೇಲೆ ದನಿ ಬೇಕಾದರೆ ಹೋಗಲಿ.

ದೀಪಸ್ತಂಭದವನು ಬಂದದ್ದು ಮೂವತ್ತೆರಡನೆಯ ಅಧ್ಯಾಯದಲ್ಲಿ. ಅವನಿಗೊಂದು ಹೊಸ ಗಂಟಲು ಬೇಕಿತ್ತು. ಅವಳು ಯೋಚಿಸಲೂ ಇಲ್ಲ, ಬಾಯಿ ತೆರೆದಳು... ಮೆಲ್ಲಗಿನ, ಕೊನೆಯ ಪದಕ್ಕೆ ಮುಂಚೆ ತಡೆದು ನಿಲ್ಲುವ ದನಿಯೊಂದು ಹೊರಬಂತು.

ಅಯ್ಯೋ... ಇದು ಅವರದ್ದು.

ಬದಲಾಯಿಸಲು ಹೋದಳು. ಆಗಲಿಲ್ಲ. ದೀಪಸ್ತಂಭದವನು ಅದೇ ದನಿಯಲ್ಲಿ ಅಲೆಗಳನ್ನು ಎಣಿಸಿದ, ದೀಪ ಹಚ್ಚಿದ, ನಾಯಕಿಯ ಕೈ ಹಿಡಿದ. ಅಧ್ಯಾಯದಿಂದ ಅಧ್ಯಾಯಕ್ಕೆ ಅವಳ ನಾಚಿಕೆ ಏರುತ್ತ ಹೋಯಿತು. ಈ ಹೊತ್ತಿನಲ್ಲಿ ಮೌಂಟಪ್ಪ ಬಾಗಿಲು ತಳ್ಳಿದರೆ ಏನು ಗತಿ?

ಚೀಟಿ ಬರೆಯುವುದನ್ನು ನಿಲ್ಲಿಸಿದಳು. ಅವನು ತಾನಾಗಿಯೇ ಬಂದು ಹೇಗಿದೆ ಎಂದು ಇಣುಕಿದರೆ, ಎಲ್ಲಾ ಚೆನ್ನಾಗಿದೆ ಎಂದು ಬಾಗಿಲಲ್ಲೇ ತಡೆದು ಕಳಿಸಿದಳು. ಎರಡನೆಯ ಸಲ ಕಳಿಸಿದಾಗ ಅವನ ಮುಖ ಸಪ್ಪಗಾದದ್ದು ಅವಳಿಗೆ ಕಂಡಿತು. ಕಂಡರೂ ಬಾಗಿಲು ಹಾಕಿಕೊಂಡಳು.

ಒಡೆಯುತ್ತಿದ್ದ ದನಿಗೆ ಡಿಸ್ಕಿನ ಸಣ್ಣ ಗುಂಯ್ ಸದ್ದೂ ಶತ್ರುವಾಗಿತ್ತು. ಮೂವತ್ತೆರಡನೆಯ ಅಧ್ಯಾಯಕ್ಕೆ ಕೂರುವ ಮುಂಚೆಯೇ ಅವಳು ಅಂಗಡಿಯಿಂದ ಐದು ಮೀಟರಿನ ವೈರೊಂದನ್ನು ತಂದಿದ್ದಳು. ಗೋಡೆಯ ತೂತಿನಿಂದ ಅದನ್ನು ಹಾಯಿಸಿ, ಡಿಸ್ಕನ್ನು ಹೊರಗಿನ ಪಡಸಾಲೆಯ ಕಪಾಟಿನಲ್ಲಿ ಉಣ್ಣೆಯ ಟೋಪಿಯೊಳಗೆ ಮಲಗಿಸಿದ್ದಳು. ಆಮೇಲೂ ಮೌಂಟಪ್ಪನಿಗೆ ಹೇಳಲಿಲ್ಲ. ಹೇಳಿದರೆ ನೋಡಲು ಬರುತ್ತಾನಲ್ಲ.

ಎಂಥ ನಿಶ್ಶಬ್ದ! ಡಿಸ್ಕು ಇದೆಯೋ ಇಲ್ಲವೋ ಅನ್ನುವಷ್ಟು. ಪರದೆಯ ಮೇಲೆ ಅಂದಂದಿನ ಅಧ್ಯಾಯದ ಹೆಸರು ಹಸಿರಾಗಿ ಬೆಳಗುತ್ತಿತ್ತು, ಒತ್ತಿದರೆ ಕೇಳಿಸುತ್ತಿತ್ತು. ಅಷ್ಟು ಸಾಕಾಗಿತ್ತು ಅವಳಿಗೆ.

ನಲವತ್ತೆರಡನೆಯ ಅಧ್ಯಾಯದ ಕೊನೆಯ ವಾಕ್ಯ ಓದಿದ ಮರುದಿನ ಆಸ್ಪತ್ರೆಗೆ ಸೇರಿದಳು.

ಆಮೇಲಿನ ದಿನಗಳು ನೀರಿನೊಳಗೆ ಕಳೆದಂತಿದ್ದವು. ಕುತ್ತಿಗೆಯಲ್ಲೊಂದು ಪುಟ್ಟ ಸ್ಲೇಟು, ಜೇಬಿನಲ್ಲಿ ಬಳಪ. ಮನೆಯಲ್ಲಿ ಅಕ್ಕನಿಗೆ ಸುಗ್ಗಿ. ಮೂವತ್ತು ವರ್ಷಗಳಲ್ಲಿ ಈ ಮನೆಯಲ್ಲಿ ತನ್ನ ಮಾತು ತನಗೆ ಕೇಳಿಸುತ್ತಿರುವುದು ಇದೇ ಮೊದಲು ಎಂದು ನೆರೆಮನೆಯವರಿಗೆಲ್ಲ ಹೇಳಿಕೊಂಡಳು. ತಂಗಿ ಸ್ಲೇಟಿನಲ್ಲಿ 'ಕತ್ತೆ' ಎಂದು ಬರೆದರೆ, ಕಾಗುಣಿತ ಚೆನ್ನಾಗಿದೆ ಎಂದು ಮೆಚ್ಚಿದಳು.

ಎಂಟನೆಯ ದಿನ ಗ್ರಂಥಾಲಯದ ಮುಖ್ಯಸ್ಥೆ ಮೇಡಂ ಅವರಿಂದ ಕರೆ ಬಂತು. ಫೋನ್ ಹಿಡಿದ ಅಕ್ಕನ ಮುಖ ಬದಲಾಯಿತು. ಪ್ರತಿ ಮಾಡಿ ಕಳಿಸಲೆಂದು ತೆರೆದರೆ ಕಾದಂಬರಿ ಮೂವತ್ತೊಂದಕ್ಕೇ ನಿಂತಿದೆಯಂತೆ. ಮುಂದಿನ ಹನ್ನೊಂದು ಇಲ್ಲವಂತೆ.

ಅವಳು ಓಡಿದಳು.

ಕೋಣೆಯಲ್ಲಿ ಅವನಿದ್ದ. ಡಿಸ್ಕ್ ಮತ್ತೆ ಮೇಜಿನ ಮೇಲಿತ್ತು, ಮೊದಲಿನ ಗಿಡ್ಡ ವೈರಿನಲ್ಲಿ. ಅವನು ಏನನ್ನೂ ಮುಚ್ಚಿಡಲಿಲ್ಲ. ಅವಳು ಆಸ್ಪತ್ರೆಗೆ ಹೋದ ದಿನ ಮೇಡಂ ಡಿಸ್ಕನ್ನು ಕಪಾಟಿನಿಂದ ತಂದು ಸಿಕ್ಕಿಸಿ, ತೆರೆಯಲಿಲ್ಲವೆಂದು ಅವನನ್ನು ಕರೆದರಂತೆ. ಹೇಳದೆ ಕೇಳದೆ ಕಿತ್ತ ಡಿಸ್ಕಿನಂತೆ ಒಳಗೆ ಎಡವಟ್ಟಾಗಿತ್ತಂತೆ. ದುರಸ್ತಿಯ ಆಜ್ಞೆ ಓಡಿಸಿದನಂತೆ. ಸರಿಹೋಯಿತೆಂದು ಕೂರಿಸಿ ಹೋದನಂತೆ.

"ದುರಸ್ತಿ ಅಂದ್ರೆ ಒಂದೊಂದ್ಸಲ, ಅರ್ಧಂಬರ್ಧ ಇರೋದನ್ನ ಅದು..." ಅವನು ನಿಂತ. "ಬಿಸಾಕತ್ತೆ."

ಆ ದನಿ ಇನ್ನೊಮ್ಮೆ ಬರುತ್ತದೋ ಇಲ್ಲವೋ... ಕೊನೆಯ ಹದಿನಾಲ್ಕು ದಿನ ಹಿಂಡಿ ಹಿಂಡಿ ತೆಗೆದದ್ದು... ಕೂಗಾಡಲು ಗಂಟಲಿಲ್ಲ. ಬಳಪ ಮುರಿಯುವಷ್ಟು ಒತ್ತಿ ಬರೆದಳು.

'ನನ್ನ ದನಿಯನ್ನು ನೀವು ಬಿಸಾಕಿದಿರಿ.'

ಅವನು ಓದಿದ. ತಲೆಯಾಡಿಸಿದ. ಅವಳು ಸ್ಲೇಟು ಒರೆಸದೆ ಹೊರಟು ಬಂದಳು.

ಅವನಿಗೆ ಮೌಂಟ್, ಅವಳಿಗೆ ಮೌನ ಎಂದು ತಮಾಷೆ ಮಾಡುತ್ತಿದ್ದ ಗ್ರಂಥಾಲಯ ಈಗ ಬಾಯಿ ಮುಚ್ಚಿತು. ಮೇಡಂ ಅಕ್ಕನಿಗೆ ಫೋನಿನಲ್ಲಿ ಹೇಳಿದ ಪ್ರಕಾರ, ಅವನು ಡಿಸ್ಕಿನ ಪಡಿಯಚ್ಚು ತೆಗೆದು ದಿನವೂ ಅದರೊಳಗೆ ಹುಡುಕುತ್ತಿದ್ದ. ದುರಸ್ತಿಯಾದ ಡಿಸ್ಕಿನಲ್ಲಿ 'ಕಳೆದದ್ದು-ಸಿಕ್ಕಿದ್ದು' ಎಂಬರ್ಥದ ಫೋಲ್ಡರೊಂದು ಇರುತ್ತದಂತೆ. ಚೂರುಪಾರು ಉಳಿದಿದ್ದರೆ ಅಲ್ಲಿ ಬಂದು ಸೇರುತ್ತವಂತೆ. ಅಲ್ಲೂ ಏನೂ ಇರಲಿಲ್ಲ. ಊಟಕ್ಕೂ ಏಳುತ್ತಿಲ್ಲವಂತೆ. ಬೇರೆ ಶಾಖೆಗೆ ವರ್ಗ ಕೇಳಿದ್ದಾನಂತೆ. ಹೋಗುವ ದಿನವೂ ಗೊತ್ತಾಗಿದೆಯಂತೆ.

ಹೋಗಲಿ, ಅಂದುಕೊಂಡಳು. ಎದೆಯೊಳಗೆ ಎಲ್ಲೋ ಒಂದು ಕುರ್ಚಿ ಖಾಲಿಯಾದಂತಾಯಿತು. ಅದಕ್ಕೂ ಅವನ ಮೇಲೇ ಸಿಟ್ಟು ಬಂತು.

ಇಪ್ಪತ್ತನೆಯ ದಿನ ಒಂದು ದಪ್ಪ ಲಕೋಟೆ ಬಂತು. ಒಳಗೆ ನಲವತ್ತು ಹಾಳೆ, ಮೇಲೊಂದು ಚೀಟಿ. 'ಯಂತ್ರಕ್ಕೆ ಡೈರಿ ಬರೆಯುವ ಅಭ್ಯಾಸವಿದೆ. ಯಾವ ಸಾಧನ ಯಾವಾಗ ಬಂತು, ಯಾವಾಗ ಹೋಯಿತು, ನಾನು ಏನೇನು ಮಾಡಿದೆ, ಎಲ್ಲಾ ಇದರಲ್ಲಿದೆ. ನನ್ನ ತಪ್ಪು ಎಲ್ಲಿದೆ ಎಂದು ತಿಳಿಯುವುದು ನಿಮ್ಮ ಹಕ್ಕು.'

ತಪ್ಪು ಹಿಡಿಯಲೆಂದೇ ಓದಲು ಕೂತಳು. ಕಿಟಕಿಯಲ್ಲಿ ಮಧ್ಯಾಹ್ನದ ಬಿಸಿಲು, ಪಕ್ಕದಲ್ಲಿ ಅಕ್ಕ ಇಟ್ಟುಹೋದ ಬಟಾಣಿ ಬಿಡಿಸುವ ಕೆಲಸ. ಸಾಲುಗಳು ಒರಟಾಗಿದ್ದವು: ತಾರೀಖು, ಗಂಟೆ, ಅಂಕೆಗಳು, ನಾಲ್ಕು ಪದ. ಆದರೆ ಓದುವುದು ಅವಳ ಕಸುಬು; ಎಂಥ ಸಾಲಿಗೂ ಮನಸ್ಸಿನಲ್ಲಿ ತಾನಾಗಿ ಒಂದು ದನಿ ಹುಟ್ಟಿಕೊಳ್ಳುತ್ತದೆ. ಈ ಸಾಲುಗಳಿಗೆ ಹುಟ್ಟಿದ್ದು ಅವನದೇ ದನಿ. ಬೆಳಿಗ್ಗೆ ಹತ್ತು ಗಂಟೆ, ಡಿಸ್ಕ್... ಬಂತು. 'ಓದು' ಮೇಲೆ... ಕೂತಿತು. ಮರುದಿನ ಹತ್ತು ಗಂಟೆ, ಡಿಸ್ಕ್ ಬಂತು, ಕೂತಿತು. ಬಂತು, ಕೂತಿತು. ಬಿಸಿಲಲ್ಲಿ ತೂಕಡಿಸುತ್ತ ಅವಳು ಅದನ್ನು ಜೋಗುಳದಂತೆ ಓದುತ್ತ ಹೋದಳು.

ಲಯ ತಪ್ಪಿತು.

ಬಂತು. ಹೋಯಿತು. ಬಂತು. ಹೋಯಿತು. ಸಾಧನಕ್ಕೆ ವಿದ್ಯುತ್ತು ಸಾಲದು. ಬಂತು, ಹೋಯಿತು. ಬಿಟ್ಟುಬಿಟ್ಟೆ.

ಕೂತಿತು ಎಂಬ ಸಾಲೇ ಇಲ್ಲ.

ಅವಳು ತಾರೀಖು ನೋಡಿದಳು. ಐದು ಮೀಟರಿನ ವೈರು ಹಾಕಿದ ದಿನ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಅಷ್ಟುದ್ದದ ವೈರಿನಲ್ಲಿ ಹರಿದು ಬರುವಷ್ಟರಲ್ಲಿ ವಿದ್ಯುತ್ತು ಸೋತುಹೋಗಿತ್ತು. ಅವಳು ಮೆಚ್ಚಿಕೊಂಡಿದ್ದ ಆ ನಿಶ್ಶಬ್ದ, ತಿರುಗದೇ ಇದ್ದ ಡಿಸ್ಕಿನ ನಿಶ್ಶಬ್ದ.

ಕಿವಿ ಬಿಸಿಯಾಯಿತು. ಡಿಸ್ಕಿಗೆ ಎಡವಟ್ಟು ಮಾಡಿದವಳು ನಾನೇ...

ಆದರೆ ಅದರ ಹಿಂದೆಯೇ ಇನ್ನೊಂದು ಯೋಚನೆ ಬಂದು ಅವಳನ್ನು ಎಬ್ಬಿಸಿ ನಿಲ್ಲಿಸಿತು. ಮೂವತ್ತೈದನೆಯದನ್ನು ಅವಳು ಮತ್ತೆ ಕೇಳಿದ್ದಳು. ನಲವತ್ತನೆಯದನ್ನು ಎರಡು ಸಲ. ಬಾರದೇ ಇದ್ದ ಡಿಸ್ಕಿನಿಂದ ಕೇಳಿದ್ದು ಹೇಗೆ?

ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ವೈದ್ಯರು ಇಣುಕಿ ನೋಡಿ, ಇವತ್ತಿನಿಂದ ದಿನಕ್ಕೆ ಐದು ನಿಮಿಷ ಮಾತಾಡಬಹುದು ಎಂದರು. ಎಲ್ಲಿ, ಒಂದು ಮಾತು ಎಂದು ಅಕ್ಕ ಬೇಡಿಕೊಂಡಳು. ಅವಳು ತುಟಿ ಬಿಗಿಹಿಡಿದಳು. ಏನು ಬರುತ್ತದೋ ಎಂಬ ಭಯ. ನೇರ ಗ್ರಂಥಾಲಯಕ್ಕೆ ನಡೆದಳು.

ಅವನು ತನ್ನ ಸ್ಕ್ರೂಡ್ರೈವರುಗಳನ್ನು ಚೀಲಕ್ಕೆ ತುಂಬುತ್ತಿದ್ದ. ಅವಳು ಹಾಳೆಗಳನ್ನು ಅವನ ಮುಂದೆ ಹರಡಿ, ಹನ್ನೊಂದು ತಾರೀಖುಗಳಿಗೆ ಸುತ್ತು ಹಾಕಿ, ಸ್ಲೇಟು ಎತ್ತಿ ಹಿಡಿದಳು.

'ಈ ದಿನಗಳಲ್ಲಿ ಡಿಸ್ಕ್ ಕೂತೇ ಇಲ್ಲ. ಉದ್ದ ವೈರು ಹಾಕಿದವಳು ನಾನು. ಆದರೂ ರೆಕಾರ್ಡ್ ಆಯಿತು. ಎಲ್ಲಿಗೆ?'

ಅವನು ಓದಿದ. ಹಾಳೆ ನೋಡಿದ. ಮತ್ತೆ ಸ್ಲೇಟು ನೋಡಿದ. ಆಮೇಲೆ ಮೆಲ್ಲಗೆ ನೆಲದ ಮೇಲೆ ಕೂತುಬಿಟ್ಟ.

"ಕುರ್ಚಿಗೆ," ಅಂದ.

ಅವಳು ಹುಬ್ಬು ಏರಿಸಿದಳು.

"ಅತಿಥಿ ಬರ್ಲಿಲ್ಲ. ಕುರ್ಚಿ ಮಾತ್ರ ಇತ್ತು. ನೀವು ಓದಿದ್ದೆಲ್ಲಾ ಕುರ್ಚಿ ಮೇಲೇ ಬಿದ್ದಿದೆ, ಯಂತ್ರದ ಒಳಗೇ. ಆಮೇಲೆ ನಾನು ಡಿಸ್ಕ್ ರಿಪೇರಿ ಮಾಡಿ, ತಂದು ಅದರ ಮೇಲೆ..." ಅವನು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. "ಕೂರಿಸಿದೆ. ಕೂತವರ ಕೆಳಗೆ ಏನಿದೆ ಅಂತ ಕಾಣತ್ತಾ? ಹದಿಮೂರು ದಿನ ಡಿಸ್ಕನ್ನ ಜಾಲಾಡಿದೀನಿ. ಒಂದ್ಸಲಾನೂ ಏಳಿಸಿ ನೋಡ್ಲಿಲ್ಲ. ಅತಿಥಿ ಇಲ್ದಿದ್ರೆ ರೆಕಾರ್ಡ್ ಮಾಡ್ಬೇಡ ಅಂತ ಯಂತ್ರಕ್ಕೆ ಹೇಳಿಡೋದೂ ನನ್ನ ಕೆಲಸಾನೇ ಆಗಿತ್ತು."

ಇಬ್ಬರೂ ಅವಳ ಕೋಣೆಗೆ ಹೋದರು. ಡಿಸ್ಕನ್ನು ಏಳಿಸುವ ಆಜ್ಞೆ ಬರೆದ. ಯಂತ್ರ ಒಪ್ಪಲಿಲ್ಲ, ಬಿಡುವಿಲ್ಲ ಎಂದಿತು. ಯಾರೋ ಒಳಗೆ ಕೂತಿದ್ದಾರೆ, ಅವರು ಹೊರಬರದೆ ಅದು ಏಳುವುದಿಲ್ಲ ಎಂದ. ಯಾರೆಂದು ವಿಚಾರಿಸಿದರೆ, ಮೇಡಂ ಯಾವಾಗಲೋ ತೆರೆದಿಟ್ಟು ಮರೆತ ಹನ್ನೆರಡನೆಯ ಅಧ್ಯಾಯ. ಅದನ್ನು ಮುಚ್ಚಿದ. ಮತ್ತೆ ಬರೆದ.

ಈ ಸಲ ಯಂತ್ರ ಏನೂ ಹೇಳಲಿಲ್ಲ. ಈ ಜಾತಿಯ ಯಂತ್ರಗಳು ಒಪ್ಪಿಗೆಯಾದರೆ ಮಾತಾಡುವುದಿಲ್ಲ.

"ನೀವೇ ನೋಡಿ. ನಂಗೆ ಧೈರ್ಯ ಇಲ್ಲ."

ಅವಳು 'ಓದು' ಫೋಲ್ಡರನ್ನು ತೆರೆದಳು. ಮೂವತ್ತೆರಡು. ಮೂವತ್ತಮೂರು. ಮೂವತ್ತನಾಲ್ಕು... ಒಂದರ ಕೆಳಗೊಂದು, ನಿದ್ದೆಯಿಂದ ಎದ್ದ ಮಕ್ಕಳಂತೆ ಹನ್ನೊಂದು ಹೆಸರು. ಪರದೆ ಕಲಸಿಹೋಯಿತು. ಅಳು ಬಂದರೆ ಗಂಟಲಿಗೆ ಕೆಟ್ಟದ್ದೆಂದು ವೈದ್ಯರು ಹೇಳಿದ್ದರು. ಕಣ್ಣಲ್ಲಷ್ಟೇ ಅತ್ತಳು.

ಅವನು ತಕ್ಷಣ ಹನ್ನೊಂದಕ್ಕೂ ಮೂರು ಕಡೆ ಪ್ರತಿ ಮಾಡಿದ. ಪೂರ್ತಿ ಇವೆಯೇ ಎಂದು ಕೇಳಿ ನೋಡಬೇಕೆಂದು ಹೆಡ್‌ಫೋನಿಗೆ ಕೈ ಹಾಕಿದ.

ಅವಳು ಅದನ್ನು ಕಸಿದುಕೊಂಡಳು.

ಕಸಿದ ಮೇಲೆ ಗೊತ್ತಾಯಿತು, ಏನು ಮಾಡಿದೆನೆಂದು. ಅವನ ಕೈ ಗಾಳಿಯಲ್ಲೇ ಉಳಿಯಿತು.

"ಸರಿ," ಅಂದ ಅವನು. "ಇನ್ನು ನಾನು ಮುಟ್ಟೋದು ಬೇಡ. ನ್ಯಾಯಾನೇ. ಬರ್ತೀನಿ."

ಚೀಲ ಹೆಗಲಿಗೇರಿತು. ಅವನು ಬಾಗಿಲವರೆಗೆ ಹೋದ. ಇವರು ಹೋದರೆ ಈ ಕೋಣೆಗೆ ಇನ್ನು ಬೇರೆ ಯಾರೋ ಬಂದು ಮೇಜಿನಡಿ ತೂರುತ್ತಾರೆ... ಅವಳು ಓಡಿ ಹೋಗಿ ಚೀಲದ ಪಟ್ಟಿ ಹಿಡಿದು ಎಳೆದಳು. ಕುರ್ಚಿಯಲ್ಲಿ ಕೂರಿಸಿದಳು. ಹೆಡ್‌ಫೋನನ್ನು ತಾನೇ ಅವನ ಕಿವಿಗೆ ಹಾಕಿ, ನಲವತ್ತನೆಯ ಅಧ್ಯಾಯವನ್ನು ಒತ್ತಿ, ಗೋಡೆಯ ಕಡೆ ಮುಖ ತಿರುಗಿಸಿ ನಿಂತಳು. ಉಣ್ಣೆಯ ಹೊದಿಕೆಯ ಒಂದೊಂದು ಎಳೆಯನ್ನೂ ಎಣಿಸತೊಡಗಿದಳು.

ಆ ಅಧ್ಯಾಯದಲ್ಲಿ ದೀಪಸ್ತಂಭದವನು ನಾಯಕಿಗೆ ಎಲ್ಲವನ್ನೂ ಹೇಳಿಬಿಡುತ್ತಾನೆ.

ಎಷ್ಟು ಹೊತ್ತಾಯಿತೋ. ಹೆಡ್‌ಫೋನ್ ಮೇಜಿನ ಮೇಲೆ ಇಳಿದ ಸದ್ದಾಯಿತು. ಅವಳು ತಿರುಗಿದಳು. ಗೊತ್ತಾಗಿರುತ್ತದೆ, ಗೊತ್ತಾಗದೆ ಇರುತ್ತದೆಯೇ...

ಅವನ ಮುಖದಲ್ಲಿ ಬೆಳಕಿರಲಿಲ್ಲ.

"ಪೂರ್ತಿ ಇದೆ. ಚೂರೂ ಹಾಳಾಗಿಲ್ಲ," ಅಂದ. "ಈ ದೀಪಸ್ತಂಭದವನ ದನಿ... ಯಾರದ್ದು?"

ಅವಳು ಬೆಪ್ಪಾಗಿ ನೋಡಿದಳು. ತನ್ನ ದನಿ ತನಗೆ ಹೊರಗಿನಿಂದ ಕೇಳಿಸಿದರೆ ಯಾರಿಗೂ ಗುರುತು ಸಿಗುವುದಿಲ್ಲ. ಕಸುಬಿನವಳಾಗಿ ಅವಳಿಗೆ ಅದು ಗೊತ್ತಿತ್ತು, ಮರೆತೇ ಬಿಟ್ಟಿದ್ದಳು.

"ಕೇಳ್ಬಾರದು, ಆದ್ರೂ ಕೇಳ್ತೀನಿ," ಅವನು ನೆಲ ನೋಡುತ್ತ ಹೇಳಿದ. "ಬೇರೆಯವರನ್ನೆಲ್ಲ ನೀವು ನಕಲು ಮಾಡ್ತೀರ. ಇವನನ್ನ ಮಾತ್ರ ನಕಲು ಮಾಡಿಲ್ಲ. ಇವನ ಮಾತು ಬಂದಾಗ ನೀವು ಓದೋದೇ ಬೇರೆ ಥರ ಇದೆ. ಯಾರೋ ಇದ್ದಾರೆ. ಅದಕ್ಕೇ ನನ್ನನ್ನ ಬಾಗಿಲಲ್ಲೇ ಕಳಿಸ್ತಿದ್ರಿ ಅಂತ ಈಗ ಅರ್ಥ ಆಯ್ತು. ಅವನು ಯಾರೇ ಆಗ್ಲಿ, ನಂಗೆ ಅವನ ಮೇಲೆ... ಹೊಟ್ಟೆಕಿಚ್ಚು."

ಅವಳ ಕೈ ಬಳಪಕ್ಕೆ ಹೋಯಿತು. ಬಳಪ ಹಿಡಿದ ಬೆರಳು ಅಲ್ಲೇ ನಿಂತಿತು.

ಬೇಡ. ಇದನ್ನು ಬರೆಯುವುದು ಬೇಡ.

ಅವಳು ಬಾಯಿ ತೆರೆದಳು. ಮೂರು ವಾರ ಮುಚ್ಚಿದ್ದ ಮನೆಯ ಬಾಗಿಲಿನಂತೆ ಗಂಟಲು ಮೊದಲು ಕಿರುಗುಟ್ಟಿತು. ಆಮೇಲೆ ಬಂದ ದನಿ ಅವಳದ್ದಾಗಿರಲಿಲ್ಲ. ತಗ್ಗಿನದು, ಸ್ವಲ್ಪ ಒರಟು, ಅಂಚಿನಲ್ಲಿ ಬಿರಿದದ್ದು. ಅಜ್ಜಿಯದಲ್ಲ, ಮಗುವಿನದಲ್ಲ, ಇದುವರೆಗೆ ಅವಳು ಓದಿದ ಯಾರದ್ದೂ ಅಲ್ಲ.

"ನಿಮ್ಮದೇ," ಅಂದಳು.

ಅವನು ಮೊದಲು ದನಿಯನ್ನು ಕೇಳಿದ. ಮಾತು ಆಮೇಲೆ ಅರ್ಥವಾಯಿತು. ಹೆಡ್‌ಫೋನ್ ನೋಡಿದ, ಅವಳನ್ನು ನೋಡಿದ. ಕಿವಿಗಳು ನಿಧಾನವಾಗಿ ಕೆಂಪೇರಿದವು.

"ನಾನು... ಹಾಗೆ ಮಾತಾಡ್ತೀನಾ?"

"ಇನ್ನೂ ಮೆಲ್ಲಗೆ."

"ಅವನು ಅವಳಿಗೆ ಹೇಳಿದ್ನಲ್ಲ, ನಲವತ್ತನೇದ್ರಲ್ಲಿ. ಅಷ್ಟು ಚೆನ್ನಾಗಿ ನಂಗೆ ಹೇಳಕ್ಕೆ ಬರಲ್ಲ." ಅವನು ಎದ್ದು ಬಂದು ಅವಳ ಎದುರಿಗೆ ನಿಂತ. "ಅದನ್ನೇ ಹೇಳ್ಬೇಕಾಗಿತ್ತು, ಅಷ್ಟೇ. ಅಜ್ಜಿಗೆ ನೀರು ತಂದ ದಿನದಿಂದ."

ಅವಳ ಎದೆ ಎಷ್ಟು ಜೋರಾಗಿ ಬಡಿದುಕೊಳ್ಳುತ್ತಿತ್ತೆಂದರೆ, ಮೈಕು ತೆರೆದಿದ್ದರೆ ದಾಖಲಾಗುತ್ತಿತ್ತು.

"ನನ್ನ ದನಿ ಕೆಟ್ಟುಹೋಗಿದೆ," ಅಂದಳು.

"ಈ ದನಿ ಮೊದಲ ಸಲ ಮಾತಾಡಿದ್ದು ನನ್ ಹತ್ರ. ನಂಗೆ ಇದೇ ಬೇಕು." ಅವನು ತಡೆದ. "ಇನ್ನೂ ಏನಾದ್ರೂ ಹೇಳಿ."

"ಡಾಕ್ಟರ್ ದಿನಕ್ಕೆ ಐದೇ ನಿಮಿಷ ಅಂದಿದ್ದಾರೆ."

ಅವನು ಗಂಭೀರವಾಗಿ ಗಡಿಯಾರ ನೋಡಿದ. "ನಾಲ್ಕೂವರೆ ಉಳಿದಿದೆ."

ಅವಳು ಯೋಚಿಸಿದಳು. ಕೈ ಚಾಚಿ ಅವನ ಹೆಗಲಿನ ಚೀಲ ಇಳಿಸಿ ಮೇಜಿನ ಮೇಲಿಟ್ಟಳು.

"ವರ್ಗ ಬೇಡ ಅಂತ ಮೇಡಂಗೆ ಹೇಳಿ ಬನ್ನಿ," ಅಂದಳು. "ಬಂದ್ಮೇಲೆ ನಾಲ್ಕು ಮಾತಾಡೋಣ."